ಔಷಧಿ ಹೊಡೆಸಿದ 12ನೇ ದಿನಕ್ಕೆ ಮತ್ತೆ ತಿಗಣೆ: ಮುಂದೇನು ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನಲ್ಲಿ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿದ್ದೇವೆ. ಹಳೆಯ ಸಾಮಾನಿನ ಅಂಗಡಿಯಿಂದ ತೇಗದ ಮಂಚವೊಂದನ್ನು ತಂದ ಮೇಲೆ ತಿಗಣೆ ಕಾಣಿಸಿಕೊಂಡಿದ್ದು, ಮೂರು ವರ್ಷದ ಮಗಳ ಕತ್ತಿನ ಮೇಲೆ ದಿನವೂ ಬೆಳಿಗ್ಗೆ ಸಾಲಾಗಿ ಕೆಂಪು ದದ್ದುಗಳು ಏಳುತ್ತಿವೆ. ಔಷಧಿ ಹೊಡೆಸಿದ ಮೇಲೆ ಕೆಲವು ದಿನ ನೆಮ್ಮದಿಯಿತ್ತು. 12ನೇ ದಿನ ದಿಂಬಿನ ಹೊಲಿಗೆಯಲ್ಲಿ ಸಾಸಿವೆಯಷ್ಟೇ ಇದ್ದ, ಮೈಯೆಲ್ಲ ಬಿಳಿಚಿ ಹೊಟ್ಟೆ ಮಾತ್ರ ಕೆಂಪಗಿದ್ದ ಮರಿಯೊಂದು ಸಿಕ್ಕಿತು. ಕಾಳಿನ ಮೂಟೆಗೆ ಇಡುವ ಗುಳಿಗೆಯನ್ನು ಮಂಚದ ಕೆಳಗಿಟ್ಟು ಬಾಗಿಲು ಹಾಕಿದರೆ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ 1

ದಯವಿಟ್ಟು ಆ ಗುಳಿಗೆಯನ್ನು ಮನೆಯೊಳಗೆ ತರಲೇಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್; ಗಾಳಿಯ ತೇವ ತಗುಲಿದರೂ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಬಾಗಿಲು ಹಾಕಿದ ಮಾತ್ರಕ್ಕೆ ಆ ಅನಿಲ ಅಲ್ಲೇ ನಿಲ್ಲುವುದಿಲ್ಲ, ಸಂದಿಗಳಿಂದ ನುಸುಳಿ ನೀವು ಮಲಗಿರುವ ಕೋಣೆಗೂ ಪಕ್ಕದವರ ಮನೆಗೂ ಹೋಗುತ್ತದೆ, ಮತ್ತು ಅದಕ್ಕೆ ಪ್ರತಿವಿಷವೇ ಇಲ್ಲ. ತಿಗಣೆಗೆಂದು ಇಟ್ಟ ಇಂಥ ಗುಳಿಗೆಗಳಿಂದ ನಮ್ಮ ದೇಶದಲ್ಲಿ ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ. ನೆರೆಯವರು ಅದನ್ನು ಬಳಸುತ್ತಿದ್ದರೆ ಅವರಿಗೂ ತಿಳಿಸಿ, ಸಂಕೋಚ ಪಡಬೇಡಿ.

ಉತ್ತರ 2

ನಿಮಗೆ ಸಿಕ್ಕಿದ್ದು ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿ. ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆಗಳು ಮರದ ಸಂದಿಗೆ ಅಂಟಿಕೊಂಡಿರುತ್ತವೆ. ಸಾಮಾನ್ಯ ಔಷಧಿಗೆ ಅವು ಸುಲಭವಾಗಿ ಸಾಯುವುದಿಲ್ಲ, ಬೆಚ್ಚಗಿನ ಕೋಣೆಯಲ್ಲಿ ಒಂದರಿಂದ ಒಂದೂವರೆ ವಾರದೊಳಗೆ ಒಡೆಯುತ್ತವೆ. ಆದ್ದರಿಂದ ಎರಡು ವಾರದ ಅಂತರದಲ್ಲಿ ಮತ್ತೊಮ್ಮೆ ಹೊಡೆಸಲೇಬೇಕು, ಒಂದೇ ಸಲದ ಕೆಲಸವೆಂದು ಹೇಳಿ ಹಣ ಪಡೆಯುವವರನ್ನು ನಾನು ನಂಬುವುದಿಲ್ಲ. ಪೈರೆಥ್ರಾಯ್ಡ್ ವರ್ಗದ ಔಷಧಿಗಳಿಗೆ ಅನೇಕ ಕಡೆ ತಿಗಣೆಗಳು ಒಗ್ಗಿಹೋಗಿರುವುದರಿಂದ, ಯಾವ ಔಷಧಿ ಹೊಡೆಯುತ್ತಾರೆಂದು ಮೊದಲೇ ಕೇಳಿ.

ಶಾಖಕ್ಕೆ ಮಾತ್ರ ಅವು ಒಗ್ಗುವುದಿಲ್ಲ. ಹೊದಿಕೆ, ದಿಂಬಿನ ಚೀಲ, ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿಯಾದರೂ ಅರಳೆಯ ಒಳಗೆ ಬಿಸಿ ಇಳಿಯುವುದಿಲ್ಲ, ತಿಗಣೆಗಳು ನೆರಳಿನ ಬದಿಗೆ ಸರಿದುಕೊಳ್ಳುತ್ತವೆ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ತಿಗಣೆಯಿಂದ ರೋಗ ಹರಡುವುದು ಕಂಡುಬಂದಿಲ್ಲವಾದ್ದರಿಂದ ಮಗುವಿನ ವಿಷಯದಲ್ಲಿ ಗಾಬರಿ ಬೇಡ, ಆದರೆ ಕೆರೆದು ಗಾಯವಾದರೆ ವೈದ್ಯರಿಗೆ ತೋರಿಸಿ.

ಉತ್ತರ 3

ಮಂಚವನ್ನು ಪೂರ್ತಿ ಬಿಚ್ಚಿ, ಪ್ರತಿ ಕೀಲಿಗೂ ಕುದಿಯುವ ನೀರು ಸುರಿಯಿರಿ. ಅಜ್ಜಿಯ ಕಾಲದ ಈ ಉಪಾಯ ಈಗಲೂ ಕೆಲಸ ಮಾಡುತ್ತದೆ. ಅನಂತರ ಮಂಚವನ್ನು ಗೋಡೆಯಿಂದ ದೂರವಿಟ್ಟು, ಕಾಲುಗಳ ಕೆಳಗೆ ಪ್ಲಾಸ್ಟಿಕ್ ಬಟ್ಟಲುಗಳನ್ನಿಡಿ. ನಮ್ಮ ಸೀಮೆಯ ಉಷ್ಣವಲಯದ ತಿಗಣೆ ನುಣುಪಾದ ಗೋಡೆಯನ್ನೂ ಏರಬಲ್ಲದು, ಹಾಗಾಗಿ ಬಟ್ಟಲಿನ ಒಳಗೆ ಟಾಲ್ಕಂ ಪೌಡರ್ ಸವರುವುದನ್ನು ಮರೆಯಬೇಡಿ. ಸೀಮೆಎಣ್ಣೆ ಬೇಡ, ಬೆಂಕಿಯ ಭಯವಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಗುಳಿಗೆಯ ಯೋಚನೆಯನ್ನು ಬಿಟ್ಟೆವು, ಪಕ್ಕದ ಮನೆಯವರಿಗೂ ತಿಳಿಸಿದೆವು. ಇವತ್ತು ಮಂಚ ಬಿಚ್ಚಿದಾಗ ತಲೆದೆಸೆಯ ಹಲಗೆಯ ಸ್ಕ್ರೂ ತೂತಿನ ಸುತ್ತ ಶಾಯಿ ಚೆಲ್ಲಿದಂತೆ ಕಪ್ಪು ಕಲೆಗಳಿದ್ದವು. ಟಾರ್ಚ್ ಹಿಡಿದರೆ ಒಳಗೆ ಏಳೆಂಟು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಔಷಧಿ ಹೊಡೆದವರು ಹಲಗೆಯನ್ನು ಬಿಚ್ಚಿಯೇ ಇರಲಿಲ್ಲ. ಎರಡನೆಯ ಸಲ ಅವರು ಬಂದಾಗ ಜೊತೆಯಲ್ಲೇ ನಿಂತು ಅದನ್ನು ತೋರಿಸುತ್ತೇನೆ.