ಸಹಾಯ ಬೇಕು: ಪಾರ್ಶ್ವವಾಯುವಿನ ನಂತರ ಮಾತು ಮರಳಲು ಮಿದುಳಿನ ಪ್ರಚೋದನೆ ಕೊಡಿಸಬೇಕೇ?

ತಂದೆಗೆ ಮಿದುಳಿನ ಎಡಭಾಗದಲ್ಲಿ ಪಾರ್ಶ್ವವಾಯು ಆಗಿ ವರ್ಷದ ಹತ್ತಿರವಾಯಿತು. ನಾವು ಹೇಳುವುದು ಬಹುಪಾಲು ಅರ್ಥವಾಗುತ್ತದೆ, ಆದರೆ ಪದ ಬಾಯಿಗೆ ಬರುವುದಿಲ್ಲ. ಇದನ್ನು ಬ್ರೋಕಾ ಅಫೇಸಿಯಾ (ಮಿದುಳಿನ ಹಾನಿಯಿಂದ ಮಾತನಾಡುವುದು ಕಷ್ಟವಾಗುವ ತೊಂದರೆ) ಎಂದಿದ್ದಾರೆ. ವಾಕ್ ಚಿಕಿತ್ಸೆ ತಪ್ಪಿಸಿಲ್ಲ: ಚಿತ್ರ ತೋರಿಸಿ ಹೆಸರು ಹೇಳಿಸುವುದು, ಪದಗಳನ್ನು ರಾಗವಾಗಿ ಹೇಳಿಸುವುದು ಎಲ್ಲವೂ ನಡೆದಿದೆ. ಮೊದಲು ಚೇತರಿಕೆ ಚೆನ್ನಾಗಿತ್ತು, ಈಗ ನಿಂತಲ್ಲೇ ನಿಂತಿದೆ.

ಚಿಕಿತ್ಸಕರು ಟಿಡಿಸಿಎಸ್ ಎಂಬ ವಿದ್ಯುತ್ ಪ್ರಚೋದನೆ ಸೂಚಿಸಿದ್ದಾರೆ. ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು 1–2 ಮಿಲಿಆಂಪಿಯರ್ ವಿದ್ಯುತ್ತನ್ನು ಸುಮಾರು 20 ನಿಮಿಷ ಹರಿಸಿ, ಅದೇ ಹೊತ್ತಿನಲ್ಲಿ ಮಾತಿನ ಅಭ್ಯಾಸ ಮಾಡಿಸುತ್ತಾರಂತೆ. ಇನ್ನೊಬ್ಬ ವೈದ್ಯರು ಕಾಂತೀಯ ಪ್ರಚೋದನೆಯೇ (ಟಿಎಂಎಸ್) ಮೇಲು ಎನ್ನುತ್ತಾರೆ. ಒಬ್ಬರು ಮಿದುಳಿನ ಎಡಭಾಗವನ್ನು ಎಬ್ಬಿಸಿ ಎಂದರೆ, ಇನ್ನೊಬ್ಬರು ಬಲಭಾಗವನ್ನು ಸುಮ್ಮನಾಗಿಸಿ ಎನ್ನುತ್ತಾರೆ; ಇಬ್ಬರ ನಡುವೆ ಕೂತವರ ಪಾಡು ಕೇಳಬೇಡಿ!

ಪ್ರಯೋಗಗಳಲ್ಲಿ ವಸ್ತುಗಳ ಹೆಸರು ಹೇಳುವುದು ಸ್ವಲ್ಪ ಸುಧಾರಿಸಿದೆ, ದಿನನಿತ್ಯದ ಸಂಭಾಷಣೆಗೆ ಲಾಭವಾದುದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದು ಓದಿದೆ. ಜೊತೆಗೆ ತಂದೆಗೆ ಒಮ್ಮೆ ಫಿಟ್ಸ್ ಬಂದಿತ್ತು, ಮಾತ್ರೆ ನಡೆಯುತ್ತಿದೆ. ಟಿಎಂಎಸ್‌ನಿಂದ ಅಪರೂಪಕ್ಕೆ ಫಿಟ್ಸ್ ಬರಬಹುದಂತೆ.

ಫಿಟ್ಸ್ ಇತಿಹಾಸವಿದ್ದವರಿಗೆ ನಿಮ್ಮ ನರರೋಗ ತಜ್ಞರು ಎರಡರಲ್ಲಿ ಯಾವುದಕ್ಕೆ ಒಪ್ಪಿದರು? ಚಿತ್ರದ ಹೆಸರಷ್ಟೇ ಅಲ್ಲದೆ, ಮನೆಯವರೊಡನೆ ಆಡುವ ಮಾತು ಸುಧಾರಿಸಿತೇ? ಚಿಕಿತ್ಸೆ ಮುಗಿದ ಮೇಲೂ ಅದು ಉಳಿಯಿತೇ?