ಬಾಲಿ ಆರು ದಿನ: ಬೆಟ್ಟ ಮೊದಲೋ, ಡೈವಿಂಗ್ ಮೊದಲೋ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ದಸರಾ ಮುಗಿದ ಮೇಲೆ ನಾವಿಬ್ಬರೂ ಆರು ದಿನಕ್ಕೆ ಇಂಡೋನೇಷ್ಯಾದ ಬಾಲಿಗೆ ಹೊರಟಿದ್ದೀವಿ. ಮೊದಲೆರಡು ದಿನ ತುಲಂಬೆನ್‌ನಲ್ಲಿ ಸ್ಕೂಬಾ, ಮೂರನೇ ದಿನ ಬೆಳಗಿನ ಜಾವ ಬಾತೂರ್ ಜ್ವಾಲಾಮುಖಿ ಹತ್ತೋದು, ನಾಲ್ಕನೇ ದಿನ ಸ್ಕೂಟರ್‌ನಲ್ಲಿ ಸುತ್ತಾಟ, ಐದನೇ ದಿನ ಮಧ್ಯಾಹ್ನ ನೂಸಾ ಪೆನಿಡಾ ದ್ವೀಪದಲ್ಲಿ ಇನ್ನೊಂದು ಡೈವ್, ಆರನೇ ದಿನ ಬೆಳಿಗ್ಗೆ ಫ್ಲೈಟ್. ಇಬ್ಬರಿಗೂ ಡೈವಿಂಗ್ ಹೊಸದು. ನನಗೆ ಮೈನಸ್ ಮೂರು ಕನ್ನಡಕ. ನಮ್ಮ ಯಜಮಾನರಿಗೆ 44 ವರ್ಷ, ಬಿಪಿ ಮಾತ್ರೆ ತಗೋತಾರೆ. ಏನಾದರೂ ಬದಲಾಯಿಸಬೇಕಾ?

ಉತ್ತರ (ಡೈವಿಂಗ್ ತರಬೇತುದಾರರು):
ಮೇಡಂ, ಜಾಗಗಳು ಚೆನ್ನಾಗಿವೆ, ಸರದಿ ಅಪಾಯದ್ದು. ಬೆಟ್ಟ ಮೊದಲು ಮುಗಿಸಿ, ಡೈವಿಂಗ್ ಆಮೇಲೆ.

ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೂ ಅದು ಹೊರಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ಎತ್ತರದ ಜಾಗಕ್ಕೆ ಹೋದರೆ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಮೈಯೊಳಗೆ ಗುಳ್ಳೆ ಏಳುತ್ತದೆ. ಬಾತೂರ್ ತುದಿ 1717 ಮೀಟರ್. ವಿಮಾನದ ಒಳಗಿನ ಗಾಳಿಯ ಒತ್ತಡವೂ ಸುಮಾರು 1800ರಿಂದ 2400 ಮೀಟರ್ ಎತ್ತರದಲ್ಲಿ ಇರುವಷ್ಟೇ. ವಿಮಾನ ಹತ್ತುವ ಮುಂಚೆ, ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡುವು ಬೇಕು. ನೀವು 24 ಗಂಟೆ ಇಟ್ಟುಕೊಳ್ಳಿ.

ಮೊದಲ ದಿನ ಇಳಿದು ಉಬುದ್‌ನಲ್ಲಿ ತಂಗಿ. ಎರಡನೇ ದಿನ ಬಾತೂರ್, ಅಲ್ಲಿಂದ ತುಲಂಬೆನ್‌ಗೆ ಇಳಿಯಿರಿ. ಮೂರು ಮತ್ತು ನಾಲ್ಕನೇ ದಿನ ಡೈವಿಂಗ್. ಐದನೇ ದಿನ ಡೈವಿಂಗ್ ಬೇಡವೇ ಬೇಡ. ತುಲಂಬೆನ್‌ನಿಂದ ವಾಪಸ್ ಬರುವಾಗ ಒಂದು ಎಚ್ಚರ: ಕೆಲವು ಡ್ರೈವರ್‌ಗಳು ಕಿಂತಾಮಣಿ ಮೇಲೆ ಹೋಗೋಣ ಅನ್ನುತ್ತಾರೆ. ಆ ರಸ್ತೆ 1500 ಮೀಟರ್ ಹತ್ತಿರಕ್ಕೆ ಏರುತ್ತದೆ. ಡೈವ್ ಮಾಡಿದ ದಿನ ಆ ದಾರಿಯೂ ಬೆಟ್ಟ ಹತ್ತಿದಂತೆಯೇ. ಅಮ್ಲಾಪುರ, ಚಂಡಿದಾಸ ಮೂಲಕ ಕರಾವಳಿ ರಸ್ತೆ ಹಿಡಿಯಿರಿ ಎಂದು ಮೊದಲೇ ಹೇಳಿಬಿಡಿ.

ಪೆನಿಡಾ ಡೈವ್ ಕೈಬಿಡಿ. ಬಾಲಿ ಮತ್ತು ಲೊಂಬೊಕ್ ನಡುವಿನ ಜಲಸಂಧಿಯಲ್ಲಿ ಸೆಳೆತ ಜೋರು. ಪೆನಿಡಾದ ಕ್ರಿಸ್ಟಲ್ ಬೇ ಹತ್ತಿರ ನೀರು ಕೆಳಕ್ಕೂ ಎಳೆಯುತ್ತದೆ, ಅಕ್ಟೋಬರ್‌ನಲ್ಲಿ ಕೊರೆಯುವ ತಂಡಿಯೂ ಇರಬಹುದು. ಹೊಸಬರಿಗೆ ತುಲಂಬೆನ್ ಸಾಕು, ನಿಜಕ್ಕೂ ಸಾಕು. 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಹೊಡೆದ ಲಿಬರ್ಟಿ ಎಂಬ ಅಮೆರಿಕದ ಹಡಗನ್ನು ಎಳೆತಂದು ಈ ದಡಕ್ಕೆ ಹತ್ತಿಸಿದ್ದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಜಾರಿ ಮತ್ತೆ ನೀರಿಗಿಳಿಯಿತು. ದಡದಿಂದ ಕಲ್ಲೆಸೆತದ ದೂರದಲ್ಲಿ ಒರಗಿ ಮಲಗಿದೆ. ಕೆಳಭಾಗ 30 ಮೀಟರ್ ಹತ್ತಿರ ಹೋದರೂ ಮೇಲಿನ ಭಾಗ ಹತ್ತು ಮೀಟರ್ ಒಳಗೇ ಸಿಗುತ್ತದೆ. ಕೋರ್ಸ್ ಮಾಡದವರಿಗೆ ಮಿತಿ 12 ಮೀಟರ್, ಅಷ್ಟರಲ್ಲಿ ಹವಳ ಹತ್ತಿದ ಕಬ್ಬಿಣ ಕಣ್ತುಂಬ ನೋಡಬಹುದು.

ಅಲ್ಲಿ ಬೀಳುವವರು ಹೆಚ್ಚಾಗಿ ದಡದಲ್ಲೇ ಬೀಳುತ್ತಾರೆ. ಮರಳಿಲ್ಲ, ಉರುಟು ಕರಿಕಲ್ಲು, ಅಲೆ ಬಂದಾಗ ಕಾಲಡಿಯಲ್ಲೇ ಉರುಳುತ್ತವೆ. ಗಟ್ಟಿ ಅಡಿಯ ಬೂಟಿ ಹಾಕಿ, ಹೆಜ್ಜೆ ಎತ್ತದೆ ಕಾಲು ಜಾರಿಸುತ್ತಾ ಹೋಗಿ. ಸೊಂಟದ ಮಟ್ಟ ನೀರು ಬಂದ ಮೇಲೆ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಹಾಕಿ. ಸಿಲಿಂಡರ್ ಹೊರುವ ಚಿಂತೆ ಬೇಡ, ಊರಿನ ಹೆಂಗಸರು ತಲೆಮೇಲೆ ಹೊತ್ತು ತಂದುಕೊಡುತ್ತಾರೆ. ಬೆಳಿಗ್ಗೆ ಆರೂವರೆಗೇ ಇಳಿಯಿರಿ, ದಕ್ಷಿಣ ಬಾಲಿಯಿಂದ ಪ್ರವಾಸಿಗರ ವ್ಯಾನ್‌ಗಳು ಬಂದರೆ ಗದ್ದಲ.

ಕಿವಿ ಬಗ್ಗೆ: ಮೂಗು ಹಿಡಿದು ಮೆಲ್ಲಗೆ ಊದುವುದನ್ನು ಪ್ರತಿ ಮೀಟರ್‌ಗೂ ಮಾಡಿ, ನೋವು ಬರುವ ಮುಂಚೆಯೇ. ನೋವು ಬಂದ ಮೇಲೆ ಊದಿದರೆ ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ನಳಿಕೆ ಬಿಡಿಸಿಕೊಳ್ಳುವುದಿಲ್ಲ. ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ಉಸಿರನ್ನಂತೂ ಎಂದೂ ಹಿಡಿಯಬೇಡಿ. ಈಗಿನಿಂದಲೇ ಈಜುಕೊಳದಲ್ಲಿ 200 ಮೀಟರ್ ಈಜು, ಹತ್ತು ನಿಮಿಷ ತೇಲುವುದು ಅಭ್ಯಾಸ ಮಾಡಿ, ಮುಂದೆ ಕೋರ್ಸ್ ಮಾಡುವ ಮನಸ್ಸಾದರೆ ಕೇಳುವುದು ಅದನ್ನೇ. ಕನ್ನಡಕಕ್ಕೆ ಪವರ್ ಇರುವ ಮಾಸ್ಕ್ ಸಿಗುತ್ತದೆ, ಬುಕ್ ಮಾಡುವಾಗಲೇ ಕೇಳಿ. ಮೆದು ಲೆನ್ಸ್ ಕೂಡ ಆಗುತ್ತದೆ. ನೀರಿನೊಳಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆಂದು ಪವರ್ ಬಿಡಬೇಡಿ, ಮಸುಕು ಮಸುಕೇ.

ಉತ್ತರ (ವೈದ್ಯರು, ಮಂಡ್ಯ):
ಮೇಡಂ, ಯಜಮಾನರ ವಿಷಯ ಇಲ್ಲೇ ಮುಗಿಸಿಕೊಂಡು ಹೋಗಿ. ಡೈವಿಂಗ್ ಕೇಂದ್ರದಲ್ಲಿ ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆ. ಬಿಪಿ ಇದೆ ಎಂದು ಬರೆದರೆ ವೈದ್ಯರ ಸಹಿ ಇರುವ ಪತ್ರವಿಲ್ಲದೆ ಇಳಿಸುವುದಿಲ್ಲ, ದುಡ್ಡು ಕಟ್ಟಿದ್ದರೂ ಅಷ್ಟೇ. ಮುಚ್ಚಿಡಬೇಡಿ. ನೀರಿನಲ್ಲಿ ಮುಳುಗಿದಾಗ ಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ. ಬಿಪಿ ಹಿಡಿತದಲ್ಲಿಲ್ಲದವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವ ಸಂಭವ ಹೆಚ್ಚು. ಒಳಗಿದ್ದಾಗ ಕೆಮ್ಮು, ಏದುಸಿರು ಬಂದರೆ ತಕ್ಷಣ ತರಬೇತುದಾರರಿಗೆ ಸನ್ನೆ ಮಾಡಿ ಮೇಲೆ ಬರಬೇಕು. ಮಾತ್ರೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಆಗಿದ್ದರೆ ವೈದ್ಯರಿಗೆ ಹೆಸರು ಹೇಳಿ ಕೇಳಿ, ಶ್ರಮಕ್ಕೆ ತಕ್ಕಂತೆ ಹೃದಯ ಬಡಿಯುವುದನ್ನು ಅವು ತಡೆಯುತ್ತವೆ.

ನೆಗಡಿ ಇದ್ದರೆ ಡೈವ್ ರದ್ದು. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರೆ, ಕೆಳಗಿರುವಾಗ ಅದರ ಪ್ರಭಾವ ಇಳಿದು, ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಡೈವ್ ಆದ ಮೇಲೆ ಕೀಲು ನೋವು, ಜುಮ್ಮೆನ್ನುವುದು, ಮರಗಟ್ಟುವುದು ಕಂಡರೆ ಸುಸ್ತು ಅಂತ ಮಲಗಬೇಡಿ, ಅದು ನೈಟ್ರೋಜನ್ ಗುಳ್ಳೆಯ ಲಕ್ಷಣವಿರಬಹುದು. ಶುದ್ಧ ಆಕ್ಸಿಜನ್ ಕೇಳಿ. ಬೆಟ್ಟ ಹತ್ತಿದ ಮಂಡಿನೋವಿಗೂ ಈ ನೋವಿಗೂ ವ್ಯತ್ಯಾಸ ಗೊತ್ತಾಗದೆ ಹೋಗಬಾರದು ಅನ್ನುವುದೂ ಸರದಿ ಬದಲಿಸಲು ಇನ್ನೊಂದು ಕಾರಣ.

ಮರುಪ್ರಶ್ನೆ (ಕುವೆಂಪುನಗರ):
ಸರದಿ ಬದಲಾಯಿಸಿದೆವು, ತುಂಬಾ ಥ್ಯಾಂಕ್ಸ್. ಬಾತೂರ್ ಎಷ್ಟು ಕಷ್ಟ? ಸ್ಕೂಟರ್ ಪರವಾಗಿಲ್ವಾ?

ಉತ್ತರ (ಪ್ರವಾಸ ಏರ್ಪಾಡು ಮಾಡುವವರು, ಮೈಸೂರು):
ಬೆಟ್ಟದ ಬುಡದ ಊರು ಟೋಯಾ ಬುಂಗ್ಕಾ ಕಡೆಯಿಂದ ಸುಮಾರು ಎರಡು ಗಂಟೆಯ ದಾರಿ, ಏರು ಹೆಚ್ಚುಕಮ್ಮಿ 700 ಮೀಟರ್. ಚಾಮುಂಡಿ ಬೆಟ್ಟದ ಮೆಟ್ಟಿಲು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಇಳಿಯುವಷ್ಟು ಅಭ್ಯಾಸವಾದರೂ ಇರಲಿ. ಕಷ್ಟ ಇರುವುದು ಇಳಿಯುವಾಗ: ಬೂದಿ ಮರಳು, ಜಲ್ಲಿ ಜಾರುತ್ತದೆ, ಅಡಿ ಸವೆದ ಶೂ ಕೆಲಸಕ್ಕೆ ಬಾರದು. ಹೆಡ್‌ಲೈಟ್, ಒಂದು ಸ್ವೆಟರ್, ತಲಾ ಒಂದೂವರೆ ಲೀಟರ್ ನೀರು. ಸ್ಥಳೀಯ ಗೈಡ್ ಗೊತ್ತುಮಾಡಿಕೊಂಡೇ ಹೋಗಿ.

ಸ್ಕೂಟರ್ ಬದಲು ಡ್ರೈವರ್ ಇರುವ ಕಾರು ತಗೊಳ್ಳಿ. ನಿಮ್ಮ ಲೈಸೆನ್ಸ್‌ನಲ್ಲಿ ಕಾರು ಮಾತ್ರ ಇದ್ದು ದ್ವಿಚಕ್ರ ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕ್ಲೇಮ್ ತಿರಸ್ಕಾರವಾಗುತ್ತದೆ. ಸಾಮಾನ್ಯ ಟ್ರಾವೆಲ್ ಪಾಲಿಸಿಗಳಲ್ಲಿ ಸ್ಕೂಬಾ ಹೊರಗಿಟ್ಟಿರುವುದೇ ಹೆಚ್ಚು. ಸಾಹಸ ಕ್ರೀಡೆಯ ಕವರ್ ಸೇರಿಸಿ, ಎಷ್ಟು ಮೀಟರ್ ಆಳದವರೆಗೆ, ಒತ್ತಡ ಕೋಣೆಯ (ಗುಳ್ಳೆ ಕರಗಿಸಲು ಗಾಳಿಯ ಒತ್ತಡ ಹೆಚ್ಚಿಸುವ ಕೋಣೆ) ಚಿಕಿತ್ಸೆ ಸೇರಿದೆಯಾ ಎಂದು ಲಿಖಿತವಾಗಿ ಕೇಳಿ. ಆಗಮನ ವೀಸಾ 5 ಲಕ್ಷ ರುಪಯ್ಯಾ, ಬಾಲಿ ಪ್ರವಾಸಿ ಶುಲ್ಕ 1.5 ಲಕ್ಷ ರುಪಯ್ಯಾ, ಎರಡೂ ತಲಾ ಲೆಕ್ಕ, ಆನ್‌ಲೈನ್‌ನಲ್ಲೇ ಕಟ್ಟಬಹುದು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಮುಂದೂಡುವುದಾದರೆ ಯುಗಾದಿಯ ಆಸುಪಾಸು ಬೇಡ. ಬಾಲಿಯವರ ಶಕ ವರ್ಷದ ಮೊದಲ ದಿನ ನ್ಯೆಪಿ ಬರುವುದೂ ಹೆಚ್ಚಿನ ವರ್ಷ ಆಗಲೇ (ಕೆಲವು ವರ್ಷ ಒಂದು ತಿಂಗಳು ಮೊದಲು), ಆ ದಿನ ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ, ಬೀದಿಗೂ ಇಳಿಯುವಂತಿಲ್ಲ.