‘ಸಾಂದರ್ಭಿಕತೆ’ಯೋ ‘ಸಂದರ್ಭಾಧೀನತೆ’ಯೋ?

ಪ್ರಶ್ನೆ (ಶಿರಸಿ): ಕ್ವಾಂಟಂ ಭೌತಶಾಸ್ತ್ರದ ಕಾಂಟೆಕ್ಸ್ಚುವಾಲಿಟಿಗೆ ನಮ್ಮ ಕರಡು ಲೇಖನದಲ್ಲಿ ‘ಸಾಂದರ್ಭಿಕತೆ’ ಎಂದು ಬರೆದು, ‘ಸಂದರ್ಭ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ’ ಎಂದು ವಿವರಿಸಿದ್ದೇವೆ. ‘ಪ್ರಸಂಗಾಧೀನತೆ’ ಎಂಬ ಸಲಹೆಯೂ ಬಂದಿದೆ. ಯಾವುದಾಗಬಹುದು?

ಉತ್ತರ (ಕಾರವಾರ): ‘ಸಾಂದರ್ಭಿಕ’ ಬೇಡ ಮಾರಾಯ್ರೆ. ಸಾಂದರ್ಭಿಕ ರಜೆ, ಸಾಂದರ್ಭಿಕ ಚಿತ್ರ ಎಂದು ಬಳಸಿ ಬಳಸಿ ಅದು ‘ಆಗೊಮ್ಮೆ ಈಗೊಮ್ಮೆ’ಯ ಕಡೆ ಜಾರಿದೆ. ‘ಪ್ರಸಂಗ’ ಅಂದರೆ ನಮ್ಮ ಕಡೆಯವರು ಭಾಗವತರು ಯಾರೆಂದು ಕೇಳುತ್ತಾರೆ. ನನ್ನ ಮತ ‘ಸಂದರ್ಭಾಧೀನತೆ’ಗೆ.

ಆದರೆ ‘ಸಂದರ್ಭ’ಕ್ಕೆ ಇಲ್ಲಿ ಪಾರಿಭಾಷಿಕ ಅರ್ಥವಿದೆ: ಒಟ್ಟಿಗೆ ಅಳೆಯಬಲ್ಲ ಪರಿಮಾಣಗಳ ಗುಂಪು. ‘ಕ’ವನ್ನು ‘ಖ’ದ ಜೊತೆಗೂ ಅಳೆಯಬಹುದು, ‘ಗ’ದ ಜೊತೆಗೂ ಅಳೆಯಬಹುದು, ಖ, ಗ ಮಾತ್ರ ಒಟ್ಟಿಗೆ ಕೂಡಿಬರುವುದಿಲ್ಲ. ಹೀಗಾಗಿ ‘ಕ’ಕ್ಕೆ ಎರಡು ಸಂದರ್ಭ. ಎರಡರಲ್ಲೂ ‘ಕ’ದ ಫಲಿತಾಂಶಗಳ ಸಂಭವನೀಯತೆ ಒಂದೇ, ಆದ್ದರಿಂದ ನಿಮ್ಮ ವಿವರಣೆಯ ಸಾಲು ತಪ್ಪು. ಕೆಡುವುದು ಬೇರೆ ಕಡೆ: ಅಳೆಯುವ ಮೊದಲೇ, ಸಂದರ್ಭ ನೋಡದೆ, ಎಲ್ಲ ಪರಿಮಾಣಗಳಿಗೂ ಬೆಲೆ ಬರೆದಿಡಲು ಹೊರಟಾಗ.

ಹಾಗೆ ಬರೆದಿಡಲಾಗದು ಎಂಬುದಕ್ಕೆ ಗಣಿತಜ್ಞರಾದ ಕೋಚೆನ್ ಮತ್ತು ಸ್ಪೆಕರ್ 1967ರಲ್ಲಿ ಕೊಟ್ಟ ಸಾಧನೆಗೆ (ಪ್ರೂಫ್) 117 ಸದಿಶ (ವೆಕ್ಟರ್) ಬೇಕು. ಹುಡುಗರು ಎದ್ದು ಹೋದಾರು. ಕಬೆಲ್ಲೋ ಮತ್ತು ಸಂಗಡಿಗರ 1996ರ ಲೆಕ್ಕಕ್ಕೆ 18 ಸಾಕು. ನಾಲ್ಕು ಆಯಾಮದಲ್ಲಿ ನಾಲ್ಕು ನಾಲ್ಕರ 9 ಗುಂಪು, ಗುಂಪಿನೊಳಗೆ ಎಲ್ಲವೂ ಒಂದಕ್ಕೊಂದು ಲಂಬ, ಪ್ರತಿ ಸದಿಶವೂ ಎರಡೇ ಗುಂಪಿನಲ್ಲಿ. ಒಂದೊಂದು ಸದಿಶವೂ 1 (ಹೌದು) ಇಲ್ಲವೇ 0 (ಅಲ್ಲ) ಬೆಲೆ ಬರುವ ಒಂದು ಪರಿಮಾಣ, ಒಂದೊಂದು ಗುಂಪೂ ಒಂದು ಸಂದರ್ಭ. ಗುಂಪಿಗೊಂದರಂತೆ 1 ಕೊಡಬೇಕು, ಮಿಕ್ಕ ಮೂರಕ್ಕೆ 0. ಗುಂಪುವಾರು ಕೂಡಿದರೆ 9, ಬೆಸ. ಸದಿಶವಾರು ಕೂಡಿದರೆ ಪ್ರತಿ 1 ಎರಡೆರಡು ಸಲ ಬರುತ್ತದೆ, ಮೊತ್ತ ಸಮಸಂಖ್ಯೆಯಾಗಲೇಬೇಕು. ಲೆಕ್ಕ ತಾಳೆಯಾಗುವುದಿಲ್ಲ. ಒಂದೇ ಸದಿಶಕ್ಕೆ ಎರಡು ಗುಂಪಿನಲ್ಲಿ ಎರಡು ಬೆಲೆ ಇರಲೆಂದು ಬಿಟ್ಟರೆ ತಾಳೆಯಾಗುತ್ತದೆ. ಬೆಲೆಗಳ ಆ ಪರಾಧೀನತೆಗೇ ‘ಸಂದರ್ಭಾಧೀನತೆ’ ಎಂಬ ಹೆಸರು.

ಹಾಳೆಯ ಮೇಲೆ ಎರಡು ಆಯಾಮದ ಚಿತ್ರ ಬರೆದು ಇದನ್ನು ತೋರಿಸಲು ಹೋಗಬೇಡಿ. ಅಲ್ಲಿ ಒಂದು ದಿಕ್ಕಿಗೆ ಲಂಬ ದಿಕ್ಕು ಒಂದೇ, ಸಂದರ್ಭ ಬದಲಿಸಲು ಜಾಗವೇ ಇಲ್ಲ. ಕನಿಷ್ಠ ಮೂರು ಆಯಾಮ ಬೇಕು.

ವಿರುದ್ಧಪದಕ್ಕೆ ‘ಸಂದರ್ಭನಿರಪೇಕ್ಷ’ ಇರಲಿ. ‘ಅಸಂದರ್ಭ’ ಎಂದರೆ ಹೊತ್ತುಗೊತ್ತಿಲ್ಲದ್ದು ಎಂದಾದೀತು. ಇನ್ನು ‘ಬೆಲೆ’ ಅಂದರೆ ಶಿರಸಿಯಲ್ಲಿ ಚಾಲಿ ಅಡಿಕೆಯ ದರ ನೆನಪಾಗುತ್ತದೆ, ನಿಜ. ಆದರೂ ‘ಎಕ್ಸ್‌ನ ಬೆಲೆ ಕಂಡುಹಿಡಿಯಿರಿ’ ಎಂದೇ ಶಾಲೆಯಲ್ಲಿ ಕಲಿತವರು ನಾವು; ‘ಮೌಲ್ಯ’ ನೀತಿಪಾಠಕ್ಕಿರಲಿ.